ಅನಿತಾಳ ಪೇಷೆಂಟು

“ನೀ ಬುಡವ್ವ, ಗಂಗೂ ಬರ್ಲಿ” ಎಂದು ಭೈರಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಅವಳನ್ನು ಎಬ್ಬಿಸಿ ಕೂರಿಸಲೆಂದು ಬೆನ್ನ ಹಿಂದೆ ಕೈ ಹಾಕಿದ್ದ ಅನಿತಾಳಿಗೆ ಮೈಯೆಲ್ಲ ಉರಿದುಹೋಯಿತು. ಪಕ್ಕದ ಮಂಚದ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕದ್ದೂ ಕಾಣಿಸಿತು.

ಹಂದನಕೆರೆ ಕಡೆಯ ಭೈರಮ್ಮ ತೋಟದಲ್ಲಿ ಬಿದ್ದಿದ್ದ ತೆಂಗಿನ ಮಟ್ಟೆ ಎಡವಿ, ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಮಾಡಿಸಿಕೊಂಡು ತಿಪಟೂರಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಅವಳನ್ನು ನೋಡಿಕೊಳ್ಳುವ ಕೆಲಸ ನರ್ಸಿಂಗ್ ವಿದ್ಯಾರ್ಥಿನಿ ಅನಿತಾಳದು. ಅನಿತಾ ಏನು ಕಡಿಮೆ ಮಾಡಿದ್ದಳು? ಬಿಸಿನೀರಿನ ಬಟ್ಟೆಯನ್ನು ಮೊದಲು ತನ್ನ ಮುಂಗೈಗೆ ಮುಟ್ಟಿಸಿ ನೋಡಿ, ಆಮೇಲೆ ಅಜ್ಜಿಯ ಮುಖ ಒರೆಸುತ್ತಿದ್ದಳು. ಇಡ್ಲಿಯನ್ನು ಹಾಲಿನಲ್ಲಿ ಕಿವುಚಿ ತಾನೇ ಬಾಯಿಗಿಡುತ್ತಿದ್ದಳು. ಅಜ್ಜಿ ಲೋಟಕ್ಕೆ ಕೈ ಚಾಚಿದರೆ, “ಅಲ್ಲಾಡ್ಬೇಡಿ ಅಜ್ಜಿ. ನಿಮ್ ಕೈಲಾಗಲ್ಲ, ನಾನ್ ಕುಡಿಸ್ತೀನಿ” ಎಂದು ಕಿತ್ತುಕೊಳ್ಳುತ್ತಿದ್ದಳು. ಇಷ್ಟಾದರೂ ಅಜ್ಜಿಯ ಬಾಯಲ್ಲಿ ಗಂಗಲಕ್ಷ್ಮಿಯ ಜಪ! ಗಂಗಲಕ್ಷ್ಮಿ ಅನಿತಾಳ ಕ್ಲಾಸಿನವಳೇ; ಆಚೆ ಸಾಲಿನ ಮಂಚಗಳನ್ನು ನೋಡಿಕೊಳ್ಳುವವಳು. ಓದಿನಲ್ಲಿ ಯಾವತ್ತೂ ಅನಿತಾಳಿಗಿಂತ ಹಿಂದೆ.

ಇಬ್ಬರಿಗೂ ಪಾಠ ಹೇಳುವ ಮೀನಾಕ್ಷಮ್ಮ ಮೇಡಂ ಬಂದವರು ಅಜ್ಜಿ ಮಲಗಿಯೇ ಇದ್ದದ್ದನ್ನು ನೋಡಿ ಹುಬ್ಬು ಗಂಟಿಕ್ಕಿದರು.

“ಅಜ್ಜಿ ಕೈಲಿ ಆಗ್ತಿಲ್ಲ ಮೇಡಂ, ತುಂಬಾ ವಯಸ್ಸಾಗಿದೆ” ಎಂದಳು ಅನಿತಾ.

“ಹೀಗೇ ಮಲಗಿದ್ರೆ ಮಲಗೇಬಿಡ್ತಾರೆ ಕಣಮ್ಮ. ನಾಳೆ ರೌಂಡ್ಸ್‌ಗೆ ಬಂದಾಗ ಆಸರೆ ಇಲ್ಲದೆ ಕೂತಿರ್ಬೇಕು. ಇಲ್ದಿದ್ರೆ ಇವರನ್ನೂ ಗಂಗಲಕ್ಷ್ಮಿಗೇ ವಹಿಸ್ತೀನಿ.”

ಆ ‘ಗಂಗಲಕ್ಷ್ಮಿಗೇ’ ಎನ್ನುವ ಮಾತು ಅನಿತಾಳ ಎದೆಗೆ ಮುಳ್ಳಿನ ಹಾಗೆ ನೆಟ್ಟಿತು. ಔಷಧಿ ಕೋಣೆಯಲ್ಲಿ ಗೆಳತಿಯನ್ನು ಅಡ್ಡಗಟ್ಟಿ ಕೇಳಿದಳು: “ಏನೇ ಮದ್ದಿಟ್ಟಿದ್ದೀಯ ನನ್ ಅಜ್ಜಿಗೆ?”

“ಅಯ್ಯೋ, ನಾನೇನೂ ಮಾಡಲ್ಲ ಕಣೇ” ಎಂದು ಗಂಗಲಕ್ಷ್ಮಿ ನಕ್ಕಳು. ಆ ನಗು ಇನ್ನಷ್ಟು ಉರಿಸಿತು.

ಸಂಜೆ ಡ್ಯೂಟಿ ಮುಗಿದ ಮೇಲೆ ಅನಿತಾ ಹಾಸ್ಟೆಲಿಗೆ ಹೋಗದೆ ವಾರ್ಡಿನ ಪರದೆಯ ಸಂದಿಯಿಂದ ಇಣುಕಿದಳು. ಭೈರಮ್ಮ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. ಬೆನ್ನಿಗೆ ದಿಂಬೂ ಇರಲಿಲ್ಲ. ಮುಂದೆ ಸ್ಟೂಲಿನ ಮೇಲೆ, ಅವಳಿಗೆ ಬೆನ್ನು ಕೊಟ್ಟು, ಕೂದಲು ಬಿಚ್ಚಿಕೊಂಡು ಗಂಗಲಕ್ಷ್ಮಿ. ವರ್ಷಗಟ್ಟಲೆ ತೆಂಗಿನ ಗರಿ ಹೆಣೆದ ಆ ಒರಟು ಬೆರಳುಗಳು ಸರಸರನೆ ಜಡೆ ಹೆಣೆಯುತ್ತಿದ್ದವು.

“ತೆಂಗಿನ ಸೀಮೇಲಿದ್ಕಂಡು ಹಿಂಗಾ ತಲೆ ಒಣಗಿಸ್ಕೊಳೋದು? ನಿಮ್ಮವ್ವ ಏನೂ ಅನ್ನಲ್ವೇನೇ?”

“ಅಮ್ಮ ಊರಲ್ಲವ್ರೆ. ಇಲ್ಲಿ ನೀವೇ ಬೈಬೇಕು.”

“ಬೈತೀನಿ ಬುಡು, ಅದಕ್ಕೇನ್ ಬಡತನ!” ಎಂದು ಅಜ್ಜಿ ಗಟ್ಟಿಯಾಗಿ ನಕ್ಕಳು.

ಗಂಗಲಕ್ಷ್ಮಿ ಸುಳ್ಳು ಹೇಳಿರಲಿಲ್ಲ. ಅವಳು ನಿಜಕ್ಕೂ ಏನೂ ಮಾಡುತ್ತಿರಲಿಲ್ಲ, ಮಾಡಿಸಿಕೊಳ್ಳುತ್ತಿದ್ದಳು. ತಾನು ಲೋಟದಿಂದ ದೂರ ತಳ್ಳಿದ್ದ ಕೈ ಇನ್ನೊಬ್ಬಳ ತಲೆಯ ಮೇಲೆ ಓಡಾಡುವುದನ್ನು ನೋಡಿ ಅನಿತಾ ಪರದೆಯನ್ನು ಮೆಲ್ಲಗೆ ಬಿಟ್ಟು ಹಾಸ್ಟೆಲಿನ ದಾರಿ ಹಿಡಿದಳು.

ಮರುದಿನ ಬೆಳಿಗ್ಗೆ, ಮೇಡಂ ಬರುವ ಹೊತ್ತಿಗೆ, ಅನಿತಾ ತುರುಬಿನ ಪಿನ್ನುಗಳನ್ನೆಲ್ಲ ಕಿತ್ತು ಜೇಬಿಗೆ ಹಾಕಿಕೊಂಡಳು. ಸ್ಟೂಲು ಎಳೆದು ಮಂಚಕ್ಕೆ ಬೆನ್ನು ಮಾಡಿ ಕೂತಳು.

“ಅಜ್ಜಿ, ನಂಗೂ ಜಡೆ ಹಾಕ್ತೀರಾ? ನಂಗೆ ಸರಿಯಾಗಿ ಬರಲ್ಲ.”

ತಿರುಗಿ ನೋಡಬೇಕೆನ್ನಿಸಿದರೂ ಹಲ್ಲು ಕಚ್ಚಿ ಕೂತಳು. ಹಿಂದೆ ಮಂಚ ಕಿರುಗುಟ್ಟಿತು. ಒಂದು ನಿಟ್ಟುಸಿರು ಕೇಳಿಸಿತು. ಆಮೇಲೆ ಒರಟು ಬೆರಳುಗಳು ಹಣೆಯಿಂದ ಕೂದಲನ್ನು ಹಿಂದಕ್ಕೆ ಬಾಚಿ ಜಗ್ಗಿದವು. ಅನಿತಾ ನೋವಿಗೆ ಕತ್ತು ಕೊಂಕಿಸಿದಳು.

“ಏಯ್, ಅಲ್ಲಾಡ್ಬೇಡ. ನಿನ್ ಕೈಲಾಗಲ್ಲ, ನಾನ್ ಹಾಕ್ತೀನಿ” ಎಂದಳು ಭೈರಮ್ಮ.

ಅನಿತಾ ಕೆಂಪಾದಳು, ಆದರೆ ಅಲ್ಲಾಡಲಿಲ್ಲ. ಬಾಗಿಲಲ್ಲಿ ಮೇಡಂ ಕಾಣಿಸಿಕೊಂಡರು. ಬಿಚ್ಚಿದ ಕೂದಲಿಗೆ ಬೈಯಲು ಬಾಯಿ ತೆರೆದವರು, ಅಜ್ಜಿ ನೆಟ್ಟಗೆ ಕೂತಿದ್ದನ್ನು ಕಂಡು ಸುಮ್ಮನಾದರು.

“ಗಂಗೂದ್ಕಿಂತ ನಿಂದೇ ದಪ್ಪ ಕಣೇ ಕೂದ್ಲು!” ಎಂದು ಅಜ್ಜಿ ವಾರ್ಡಿಗೆಲ್ಲ ಕೇಳುವಂತೆ ಹೇಳಿದಳು.

ಮೇಡಂ ಹಿಂದೆ ನಿಂತಿದ್ದ ಗಂಗಲಕ್ಷ್ಮಿಯ ಮುಖದಲ್ಲಿ ಎಂದಿನ ನಗು ಇರಲಿಲ್ಲ. ಅವಳ ಕೈ ಮೆಲ್ಲಗೆ ಮೇಲೆ ಹೋಗಿ ತನ್ನ ತುರುಬನ್ನು ಮುಟ್ಟಿ ನೋಡಿಕೊಂಡಿತು.