ಪ್ರಾಪರ್ ಚಾನೆಲ್

"ಒಂಬತ್ತನೇ ಸಾಲಿನ ರ‍್ಯಾಕಿನ ಬಗ್ಗೆ, ಮೇಲಧಿಕಾರಿಗಳ ಅನುಮತಿಯಿಲ್ಲದೆ, ನಿರ್ದೇಶಕರಿಗೆ ನೇರವಾಗಿ ಇಮೇಲ್ ಬರೆದದ್ದಕ್ಕಾಗಿ" ಎಂದು ಶುರುವಾಗುವ ಎಚ್ಚರಿಕೆ ಪತ್ರವನ್ನು ಫ್ಲಾಯ್ಡ್ ಮೇಜಿನ ಮೇಲೆ ತನಿಯನತ್ತ ಸರಿಸಿದ.

ಗಲ್ಫಿನ ಹಮದ್ ಬಂದರಿನ ಹತ್ತಿರದ ಆ ಗೋದಾಮಿಗೆ ಫ್ಲಾಯ್ಡ್ ಮ್ಯಾನೇಜರ್; ತನಿಯ ಅವನ ಕೈಕೆಳಗಿನ ಸೂಪರ್‌ವೈಸರ್. ಕಬ್ಬಿಣದ ರ‍್ಯಾಕಿನ ಕಾಲು ಬಾಗಿದೆ, ಅದರ ಬುಡದಲ್ಲೇ ಹನ್ನೊಂದು ಜನ ಕೆಲಸ ಮಾಡುತ್ತಾರೆ ಎಂದು ತನಿಯ ಎರಡು ಸಲ ಬರೆದುಕೊಟ್ಟಿದ್ದ. ಫ್ಲಾಯ್ಡ್ ಅದನ್ನು ತೋರಿಸಿದಾಗ ಜನರಲ್ ಮ್ಯಾನೇಜರ್, "ತಿಂಗಳ ಕೊನೆಯ ಮೀಟಿಂಗಿನಲ್ಲಿ ನೋಡೋಣ, ಅಲ್ಲಿಯವರೆಗೆ ಮೇಲೆ ಕಳಿಸಬೇಡ" ಎಂದಿದ್ದರು. ಫ್ಲಾಯ್ಡ್ ಕಳಿಸಲಿಲ್ಲ. ಮೂರನೇ ಸಲ ತನಿಯ ಯಾರನ್ನೂ ಕೇಳದೆ ನಿರ್ದೇಶಕರಿಗೇ ಬರೆದ.

ಮರುದಿನವೇ ರ‍್ಯಾಕ್ ಖಾಲಿ ಮಾಡಿಸಿದರು. ನೋಡಲು ಬಂದ ಎಂಜಿನಿಯರ್, ಇನ್ನೊಂದು ವಾರ ಕಳೆದಿದ್ದರೆ ಇದು ಬೀಳುತ್ತಿತ್ತು ಎಂದ. ಸಂಜೆಯೊಳಗೆ ಎಲ್ಲರಿಗೂ ಸುತ್ತೋಲೆ ಬಂತು: ಜನರಲ್ ಮ್ಯಾನೇಜರ್ ಅವರ ಸಕಾಲಿಕ ತಪಾಸಣೆಯಿಂದ ಭಾರಿ ಅಪಾಯ ತಪ್ಪಿದೆ. ಫ್ಲಾಯ್ಡನಿಗೆ ಮಾತ್ರ ಇನ್ನೊಂದು ಮೇಲ್ ಬಂತು: ಪ್ರಾಪರ್ ಚಾನೆಲ್ ಮೀರಿದ ಸೂಪರ್‌ವೈಸರಿಗೆ ಪತ್ರ ಕೊಡಿ, ಕೊಡದಿದ್ದರೆ ನಿಮ್ಮ ಹೆಸರಿಗೇ ಪತ್ರ ಬರುತ್ತದೆ.

ತನಿಯ ಒಂದೊಂದು ಸಾಲಿಗೂ ಬೆರಳಿಟ್ಟು ಓದಿದ.

"ನಿಮಗೆ ಎರಡು ಸಲ ಕೊಟ್ಟದ್ದು ಇದರಲ್ಲಿ ಇಲ್ಲ ಸರ್."

"ಇಲ್ಲ." ಫ್ಲಾಯ್ಡ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. "ಅದನ್ನು ಬರೆದ್ರೆ ನನ್ನ ಕೆಲಸವೇ ಹೋಗ್ತದೆ ಮಾರಾಯ. ಹೆಂಡತಿ ಮಕ್ಕಳ ವೀಸಾ ಎಲ್ಲ ಇದರ ಮೇಲೆಯೇ ಉಂಟು."

"ಗೊತ್ತುಂಟು ಸರ್."

"ನೀನು ಸೈನ್ ಹಾಕುದಿಲ್ಲ ಅಂತ ಹೇಳಿದ್ರೂ ನಾನು ಒತ್ತಾಯ ಮಾಡುದಿಲ್ಲ."

"ಹಾಕ್ತೇನೆ. ಆ ಹನ್ನೊಂದು ಜನ ಇವತ್ತು ಆ ರ‍್ಯಾಕಿನ ಬುಡದಲ್ಲಿ ಇಲ್ಲ, ಖಲಾಸ್, ನನಗೆ ಅಷ್ಟೇ ಸಾಕು."

ತನಿಯ ಸಹಿ ಹಾಕಿದ. ಪೆನ್ನನ್ನು ವಾಪಸು ಕೊಟ್ಟ. ಆದರೆ ಕುರ್ಚಿಯಿಂದ ಏಳಲಿಲ್ಲ.

"ಇದರದ್ದು ಒಂದು ಕಾಪಿ ನನಗೆ ಬೇಕಿತ್ತು."

"ಎಂತಕ್ಕೆ? ವಾರ್ನಿಂಗ್ ಲೆಟರನ್ನು ಯಾರಾದ್ರೂ ಜೋಪಾನ ಮಾಡಿ ಇಡ್ತಾರಾ?"

"ರ‍್ಯಾಕಿನ ವಿಷಯ ಹೇಳಿದ್ದು ನಾನು ಅಂತ ಕಂಪನಿಯ ಸೀಲು ಹಾಕಿ ಕೊಟ್ಟ ಕಾಗದ ಇದೊಂದೇ ಅಲ್ವಾ ಸರ್?"