ಕಿಟಕಿಯಾಚೆ ನಿಂತವನು

"ಇಂವ ಯಾರು?"

ಅಬ್ದುಲರೌಫನ ಬೆರಳು ಚಿತ್ರದೊಳಗಿನ ಕಿಟಕಿಯ ಮೇಲಿತ್ತು. ಡ್ರಾಯಿಂಗ್ ಟೀಚರ್ ಕೆಲಸಕ್ಕೆ ಹಾಕಿದ ಅರ್ಜಿಯ ಜೊತೆ ಮನೆಯೊಳಗಿನ ದೃಶ್ಯವೊಂದನ್ನು ಬರೆದು ತರಲು ಶಾಲೆಯವರು ಹೇಳಿದ್ದರೆಂದು ಹೆಂಡತಿ ನಾಹೀದಾ ತಮ್ಮ ಅಡುಗೆಮನೆಯನ್ನೇ ಬರೆದಿದ್ದಳು. ಮಸಿ ಹಿಡಿದ ಗೋಡೆ, ಒಲೆ, ಕಿಟಕಿಯ ಕಟ್ಟೆಯ ಮೇಲೆ ಎರಡು ಚಹಾದ ಕಪ್ಪು. ಆಚೆ ಬೇವಿನ ಗಿಡ. ಗಿಡದ ಮರೆಯಲ್ಲಿ, ಟವೆಲ್ಲಿನಿಂದ ಮುಖ ಮುಚ್ಚಿಕೊಂಡ ಒಬ್ಬ ಗಂಡಸು!

"ಹೊರಗ ನಿಂತಿದ್ದ. ಕಂಡಂಗ ಬರದೀನ್ರಿ," ಎಂದಳು ಆಕೆ, ಚಹಾ ಸೋಸುತ್ತ.

ರೌಫ ಚಿತ್ರವನ್ನು ಕೈಗೆತ್ತಿಕೊಂಡ. ತಾವರಗೇರಾದ ಸಂತೆ ಬೀದಿಯಲ್ಲಿ ಗಾದಿ ತುಂಬುವ ಅಂಗಡಿ ಅವನದು. ಹೆಂಡತಿ ಹೊತ್ತುಗಟ್ಟಲೆ ಕಿಟಕಿಯ ಮುಂದೆ ಕೂರುತ್ತಾಳೆಂದು ಗೊತ್ತಾದಾಗಿನಿಂದ ಪುಣ್ಯಾತ್ಮ ಗಾದಿಗೆ ಹತ್ತಿ ತುಂಬಿದ್ದಕ್ಕಿಂತ ತಲೆಗೆ ಗುಮಾನಿ ತುಂಬಿಕೊಂಡದ್ದೇ ಹೆಚ್ಚು. ಅಂಗಡಿಯನ್ನು ಅರ್ಧಕ್ಕೇ ಬಿಟ್ಟು, ಯಾರ ಕಣ್ಣಿಗೂ ಬೀಳದ ಹಾಗೆ ಬಂದು ಕಾದೂ ನೋಡಿದ್ದ. ಒಂದು ನರಪಿಳ್ಳೆಯೂ ಸುಳಿದಿರಲಿಲ್ಲ. ಈಗ ನೋಡಿದರೆ ಕಳ್ಳ ಚಿತ್ರದಲ್ಲೇ ಸಿಕ್ಕಿಬಿದ್ದಿದ್ದ.

"ದಿನಾ ಬರ್ತಾನೇನು?"

"ನೀವು ಅಂಗಡ್ಯಾಗ ಇರಬೇಕಾದ ಹೊತ್ತಿಗೆ ಬರ್ತಾನ."

"ಈ ಎರಡನೇ ಕಪ್ಪು?"

"ಅವಂದಽ. ಪಾಪ, ಬಿಸಲಾಗ ನಿಂತಿರ್ತಾನ. ಇವತ್ತರ ಒಳಗ ಬಂದಾನು ಅಂತ ಸೋಸಿ ಇಡ್ತೀನಿ. ಬರೂದಿಲ್ಲ."

ಎಷ್ಟು ನಾಚಿಕೆಗೆಟ್ಟು ಹೇಳುತ್ತಾಳೆ! ಈಗಲೇ ಕುಷ್ಟಗಿಯ ತವರಿಗೆ ಬಿಟ್ಟುಬರಬೇಕು ಅನಿಸಿತು. ಆಮೇಲೆ ಈ ಅಡುಗೆಮನೆಯಲ್ಲಿ ತಾನೊಬ್ಬನೇ ನಿಂತಿರುವುದು ಕಣ್ಣ ಮುಂದೆ ಬಂದು ಸಿಟ್ಟಿಗಿಂತ ಅಳುವೇ ಒತ್ತಿಬಂತು. ಆ ಗಂಡಸಿನ ಗುರುತಾದರೂ ಹಿಡಿಯೋಣವೆಂದು ಚಿತ್ರವನ್ನು ಕಣ್ಣ ಹತ್ತಿರ ತಂದ. ಅವನ ಕೂದಲು, ಹೆಗಲ ಮೇಲೆಲ್ಲ ಬಿಳಿ ಚುಕ್ಕೆಗಳು. ಉಗುರಿನಿಂದ ಕೆರೆದ, ಹೋಗಲಿಲ್ಲ.

"ನಿನ್ನ ಗೆಣೆಯನ ಮೈಮ್ಯಾಲೆಲ್ಲ ಬಣ್ಣ ಸಿಡಿಸೀದಿ ನೋಡು," ಎಂದು ಹಂಗಿಸಿದ.

"ಸಿಡಿದದ್ದಲ್ರಿ ಅದು, ಬರದದ್ದು. ಹತ್ತಿ."

ರೌಫನ ಕೈ ತಾನಾಗಿಯೇ ತನ್ನ ಹೆಗಲಿಗೆ ಹೋಯಿತು. ಒಂದು ಬಿಳಿ ಎಳೆ ಬೆರಳಿಗೆ ಅಂಟಿಕೊಂಡು ಬಂತು.

ನಾಹೀದಾ ಎರಡನೇ ಕಪ್ಪನ್ನು ಅವನ ಮುಂದೆ ಸರಿಸಿದಳು.

"ನಾಳೆ ಬಂದ್ರ ಟವೆಲ್ಲು ತಗದು ನಿಲ್ರಿ," ಎಂದಳು. "ಮಾರಿ ಬರಿಯೂದೊಂದು ಉಳದೈತಿ."