ಬಿಳಿ ದಾರ

ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ಉತ್ತರಿಸಿದರೆ ಸಾಕು, ಇಬ್ಬರ ಮಾತಿನ ಧಾಟಿಯೂ ಅದಲುಬದಲಾಗುತ್ತದೆ. ಅದಕ್ಕೇ ಸಾವಾದ ಮನೆಯ ಬಾಗಿಲಿಗೆ ಬಿಳಿ ದಾರ ಕಟ್ಟುತ್ತಾರೆ. ಅದನ್ನು ಕಂಡವರು ಒಳಗಿನವರನ್ನು ಮಾತಾಡಿಸುವುದಿಲ್ಲ.

ನನ್ನ ಗಂಡ ಸಂಗಮೇಶ ಕೊನೆಯದಾಗಿ ಮಾತಾಡಿದ್ದು ನನ್ನೊಡನೆ. ಮಾತಿನ ತುದಿಯನ್ನು ತುಸು ಎಳೆಯುವ ಅವನ ವಿಜಯಪುರದ ಧಾಟಿ ನನ್ನ ನಾಲಿಗೆಯಲ್ಲೇ ಉಳಿಯಿತು. ಹಾಲಿನವನಿಗೂ ಕೈಸನ್ನೆ ಮಾಡುತ್ತೇನೆ. ಸಂಜೆ ಒಬ್ಬಳೇ ಕೂತು ಒಂದೆರಡು ಮಾತು ಆಡಿಕೊಳ್ಳುತ್ತೇನೆ.

ನಿನ್ನೆ ಅತ್ತೆ ಬಂದರು.

“ಎಂತ ಮಗಾ, ಹೀಗೆ ಸೊರಗಿದ್ದೀ?” ಎಂದವರು ತಾವೇ ಮುಖ ಸಿಂಡರಿಸಿದರು. “ಬಸ್ಸಲ್ಲಿ ಪುತ್ತೂರಿನ ಟೀಚರ್ ಒಬ್ರು ಪಕ್ಕ ಕೂತಿದ್ರು. ಬೇಡ ಅಂದ್ರೂ ಮಾತಾಡಿಸದೆ ಬಿಡ್ಲಿಲ್ಲ ಮಾರಾಯ್ತಿ.”

ನಾನು ಕೈಸನ್ನೆಯಲ್ಲೇ ಒಳಗೆ ಕರೆದೆ. ಅವರು ಮಗನ ಕುರ್ಚಿಯಲ್ಲಿ ಕೂತು ಕೇಳಿದರು: “ಅವನ ಧಾಟಿ ಒಮ್ಮೆ ಕೇಳ್ಲಿಕ್ಕೆ ಸಿಗ್ತದಾ? ಕೂಡ್ಲೇ ವಾಪಸ್ ಕೊಡ್ತೇನೆ.”

ಹೆತ್ತವರು. ಇಲ್ಲವೆನ್ನಲಾಗಲಿಲ್ಲ.

“ಯವ್ವಾ, ಚಾ ಕುಡಿತಿ ಏನಬೇ?” ಎಂದೆ.

ಅವರು ಕಣ್ಣು ಮುಚ್ಚಿದರು. “ಕುಡಿತೀನೋ ಯಪ್ಪಾ,” ಎಂದರು. ತುದಿ ಎಳೆದು, ಥೇಟ್ ಅವನ ಹಾಗೆ. ತಮ್ಮ ಬಾಯಿಂದ ಬಂದ ಮಾತು ಕೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಚಹಾ ಕುದಿಯಿತು. ಅವರು ಒಂದು ಮಾತು ಉತ್ತರಿಸಿದರೆ ಅವನು ನನಗೆ ಮರಳುತ್ತಿದ್ದ.

“ಸಕ್ಕರೆ ಎಷ್ಟು ಹಾಕ್ಲಿಕ್ಕೆ ಉಂಟು, ಅತ್ತೆ?” ಎಂದು ಕೇಳಿದೆ. ಪುತ್ತೂರಿನ ಟೀಚರ್ ಕೇಳಿದಂತಿತ್ತು.

ಅವರು ನನ್ನ ಮುಖ ನೋಡದೆ ಎರಡು ಬೆರಳು ತೋರಿಸಿದರು.

ಹೊರಡುವಾಗ ನನ್ನ ತಲೆ ಸವರಿ, ಬಾಗಿಲಿನ ಬಿಳಿ ದಾರವನ್ನು ಬಿಚ್ಚಿ ತೆಗೆದುಕೊಂಡು ಹೋದರು.